ಎಚ್ಚರವಾಗಿದ್ದು ಪ್ರಾರ್ಥಿಸುವುದು: ಬೆಳಗಿನ 15 ನಿಮಿಷ, ದಿನವಿಡೀ ಕಾವಲು

ಬೆಳಿಗ್ಗೆ ಮೊಣಕಾಲೂರಿ ಮನಸಾರೆ ಪ್ರಾರ್ಥಿಸಿ ಎದ್ದವರು ಅರ್ಧ ಗಂಟೆಯೊಳಗೆ ಮನೆಯವರ ಮೇಲೆ ರೇಗುತ್ತಾರೆ. ಪ್ರಾರ್ಥನೆ ಸಾಲಲಿಲ್ಲವೇನೋ ಎಂದುಕೊಂಡು ಮರುದಿನದಿಂದ ಹತ್ತು ನಿಮಿಷ ಹೆಚ್ಚಿಗೆ ಕೂರುತ್ತಾರೆ. ರೇಗುವುದು ಮಾತ್ರ ನಿಲ್ಲುವುದಿಲ್ಲ. ಎಷ್ಟೋ ವಿಶ್ವಾಸಿಗಳು ಇದೇ ಸುತ್ತಿನಲ್ಲಿ ತಿರುಗಿ ತಿರುಗಿ ಕೊನೆಗೆ ಬೆಳಗಿನ ಪ್ರಾರ್ಥನೆಯನ್ನೇ ಬಿಟ್ಟುಬಿಡುತ್ತಾರೆ. ಆಮೆನ್ ಅಂದ ಕ್ಷಣವೇ ಒಳಗಿನ ಕಾವಲುಗಾರನೂ ಎದ್ದು ಹೋಗಿಬಿಡುತ್ತಾನಲ್ಲ, ತೊಡಕು ಅಲ್ಲಿದೆ. ಪ್ರಾರ್ಥನೆಯನ್ನು ಎಷ್ಟು ಉದ್ದ ಮಾಡಿದರೂ ಅದು ಸರಿಹೋಗುವುದಿಲ್ಲ.

ಯೆರೂಸಲೇಮಿನ ಗೋಡೆ ಕಟ್ಟುತ್ತಿದ್ದಾಗ ವೈರಿಗಳು ಒಳಸಂಚು ಹೂಡಿದ್ದು ತಿಳಿದು ಜನರು ಏನು ಮಾಡಿದರೆಂದು ನೆಹೆಮೀಯ 4:9 ಒಂದೇ ವಾಕ್ಯದಲ್ಲಿ ಹೇಳುತ್ತದೆ: ದೇವರಿಗೆ ಮೊರೆಯಿಟ್ಟರು, ಹಗಲಿರುಳು ಕಾವಲಿಟ್ಟರು. ಮೊರೆಯಿಟ್ಟಾಯಿತಲ್ಲ, ಇನ್ನು ಕಾವಲು ಯಾಕೆ ಎನ್ನಲಿಲ್ಲ. ಕಾವಲಿದೆಯಲ್ಲ, ಮೊರೆ ಯಾಕೆ ಎಂದೂ ಕೇಳಲಿಲ್ಲ. ಸೆರೆಯಾಗುವ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಶಿಷ್ಯರಿಗೆ ಹೇಳಿದ್ದೂ ಇದೇ ಜೋಡಿಯನ್ನು: ಎಚ್ಚರವಾಗಿರಿ, ಪ್ರಾರ್ಥಿಸಿರಿ. ಇವೆರಡನ್ನೂ ಒಂದೇ ರೂಢಿಯಾಗಿ ಕಟ್ಟಿಕೊಳ್ಳುವ ಬಗೆ ಇಲ್ಲಿದೆ.

ಎಚ್ಚರ ಎಂದರೆ ಯಾವುದು

1 ಪೇತ್ರ 5:8ರ ಗ್ರೀಕ್ ಮೂಲದಲ್ಲಿ ಎರಡು ಕ್ರಿಯಾಪದಗಳು ಒಂದರ ಪಕ್ಕ ಒಂದು ನಿಂತಿವೆ. ನೇಫೊ ಎಂದರೆ ಅಮಲಿಲ್ಲದೆ ಸ್ವಸ್ಥಚಿತ್ತದಿಂದಿರುವುದು. ಗ್ರೆಗೊರೆಯೊ ಎಂದರೆ ನಿದ್ದೆಗೆ ಜಾರದೆ ಎದ್ದಿರುವುದು. ಮೊದಲನೆಯದನ್ನು ನಾವು ಹೆಂಡಕ್ಕೆ ಮಾತ್ರ ಸೇರಿಸಿ ಪಕ್ಕಕ್ಕಿಡುತ್ತೇವೆ. ಆದರೆ ಲೂಕ 21:34ರಲ್ಲಿ ಕರ್ತನು ಹೃದಯವನ್ನು ಭಾರ ಮಾಡುವ ಸಂಗತಿಗಳನ್ನು ಹೇಳುವಾಗ ಅಮಲಿನ ಜೊತೆಗೇ ಬದುಕಿನ ಚಿಂತೆಗಳನ್ನೂ ಇಟ್ಟಿದ್ದಾನೆ. ಚಿಂತೆಯೂ ಒಂದು ಅಮಲೇ. ಅದು ತಲೆಗೇರಿದವನಿಗೆ ಎದುರಿಗಿರುವ ಮನುಷ್ಯ ಕಾಣುವುದಿಲ್ಲ, ಬಾಗಿಲಲ್ಲಿ ಬಂದು ನಿಂತ ಶೋಧನೆಯೂ, ಅಂದರೆ ಪಾಪದ ಕಡೆಗಿನ ಸೆಳೆತವೂ, ಕಾಣುವುದಿಲ್ಲ.

ಎಚ್ಚರವಾಗಿರಿ ಎಂಬ ಮಾತು ಯಾರ ಪತ್ರದಲ್ಲಿದೆ ಎಂಬುದನ್ನೂ ನೋಡಿ. ಎಲ್ಲರೂ ಬಿಟ್ಟುಹೋದರೂ ನಾನು ಬಿಡುವುದಿಲ್ಲ ಎಂದು ಮಾತು ಕೊಟ್ಟ ರಾತ್ರಿಯೇ ಪೇತ್ರನು ತೋಟದಲ್ಲಿ ನಿದ್ದೆಹೋದನು. ಯೇಸು ಮೂರು ಸಲ ಬಂದು ನೋಡಿದಾಗಲೂ ಶಿಷ್ಯರು ಮಲಗಿದ್ದರು. ಎಚ್ಚೆತ್ತ ಕೂಡಲೇ ಪೇತ್ರನ ಕೈ ಕತ್ತಿಗೆ ಹೋಯಿತು. ಕೋಳಿ ಕೂಗುವಷ್ಟರಲ್ಲಿ ಮೂರು ಸಲ ನಿರಾಕರಿಸಿಯೂ ಆಗಿತ್ತು. ಶೋಧನೆ ಬಂದ ಮೇಲೆ ಎಚ್ಚರವಾಗೋಣ ಎಂದರೆ ಆಗುವುದು ಹೀಗೆ: ಕಾವಲು ತಪ್ಪಿದವನು ಮೊದಲು ಅತಿಯಾಗಿ ಆಡುತ್ತಾನೆ, ಆಮೇಲೆ ಓಡುತ್ತಾನೆ.

ಮಾರ್ಕ 13:34ರ ಬಾಗಿಲು ಕಾಯುವವನ ಚಿತ್ರವನ್ನು ಕಣ್ಣ ಮುಂದಿಟ್ಟುಕೊಳ್ಳಿ. ಅವನ ಕೆಲಸ ಸರಳ. ಬಂದವರು ಯಾರೆಂದು ನೋಡಬೇಕು, ಬಿಡಬೇಕೋ ಬೇಡವೋ ತೀರ್ಮಾನಿಸಬೇಕು. ಬೀದಿಯಲ್ಲಿ ಹೋಗುವ ಕಳ್ಳರನ್ನೆಲ್ಲ ಅಟ್ಟಿಸಿಕೊಂಡು ಹೋಗುವುದು ಅವನ ಕೆಲಸವಲ್ಲ. ಅವನು ರಾತ್ರಿಯಿಡೀ ಕಣ್ಣು ಬಿಟ್ಟು ಕೂತಿರುವ ಮುಖ್ಯ ಕಾರಣವೂ ಕಳ್ಳನಲ್ಲ, ಹಿಂತಿರುಗಿ ಬರಲಿರುವ ಯಜಮಾನ. ಇದನ್ನು ಮರೆತವರ ಎಚ್ಚರ ಕೆಲವೇ ವಾರಗಳಲ್ಲಿ ಬರೀ ಗಾಬರಿಯಾಗುತ್ತದೆ.

ಆಲೋಚನೆ ಒಳಗೆ ಬರುವ ದಾರಿ

4ನೆಯ ಶತಮಾನದಲ್ಲಿ ಐಗುಪ್ತದ ಮರುಭೂಮಿಗೆ ಹೋಗಿ ನೆಲೆಸಿದ ಸನ್ಯಾಸಿಗಳೂ ಅವರ ನಂತರ ಬಂದವರೂ ಈ ಬಾಗಿಲನ್ನು ಬಹಳ ಹತ್ತಿರದಿಂದ ನೋಡಿದರು. ಆಲೋಚನೆಯೊಂದು ಪಾಪವಾಗುವವರೆಗಿನ ಮೆಟ್ಟಿಲುಗಳನ್ನು ಅವರು ಗುರುತಿಸಿದ್ದಾರೆ: ಬಾಗಿಲು ತಟ್ಟುವುದು, ಮಾತಿಗಿಳಿಯುವುದು, ಒಪ್ಪುವುದು, ಸೆರೆಯಾಗುವುದು, ಕೊನೆಗೆ ಚಟವಾಗಿ ಬೇರೂರುವುದು. ತಟ್ಟುವುದು ಪಾಪವಲ್ಲ ಎಂಬುದನ್ನು ಅವರು ಒತ್ತಿ ಹೇಳಿದರು. ಯಾಕೋಬ 1:14-15 ಕೂಡ ಆಶೆಯು ಗರ್ಭ ಧರಿಸಿದ ಮೇಲೆ ಪಾಪವನ್ನು ಹೆರುತ್ತದೆ ಎನ್ನುತ್ತದೆ. ನಡುವೆ ಒಂದು ಅವಧಿ ಇದ್ದೇ ಇದೆ. ಎಚ್ಚರದ ಸಾಧನೆಯೆಲ್ಲ ಆ ಅವಧಿಯಲ್ಲೇ ನಡೆಯಬೇಕು.

ಒಂದು ಸಂಗತಿಯನ್ನು ಹತ್ತಿರದಿಂದ ನೋಡೋಣ. ಬೆಳಿಗ್ಗೆ 9ಕ್ಕೆ ಒಬ್ಬರಿಗೆ ಸಂದೇಶ ಕಳಿಸಿದಿರಿ. 11ಕ್ಕೆ ನೋಡಿದರೆ ಅವರು ಓದಿದ್ದಾರೆ, ಉತ್ತರವಿಲ್ಲ. "ನನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲ" ಎಂಬ ಆಲೋಚನೆ ಬರುತ್ತದೆ. ಇದು ತಟ್ಟಿದ ಸದ್ದು. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. "ಹೋದ ತಿಂಗಳೂ ಹೀಗೇ ಮಾಡಿದ್ದರು" ಎಂದು ಹಳೆಯ ಕಡತ ತೆಗೆದಿರೋ, ಮಾತಿಗಿಳಿದಿರಿ. ಅವರು ಸಿಕ್ಕಾಗ ಏನು ಹೇಳಬೇಕೆಂದು ಮನಸ್ಸಿನಲ್ಲೇ ವಾಕ್ಯ ಜೋಡಿಸತೊಡಗಿದರೆ ಒಪ್ಪಿದಂತಾಯಿತು. ಕೈಯಲ್ಲಿದ್ದ ಕೆಲಸ ನಿಂತು, ಅರ್ಧ ಗಂಟೆಯಿಂದ ಅದೇ ವಾದ ತಲೆಯೊಳಗೆ ಓಡುತ್ತಿದೆ ಎಂದರೆ ಸೆರೆ. ಸಂಜೆ ಇದಕ್ಕೆ ಸಂಬಂಧವೇ ಇಲ್ಲದ ಮಗುವಿನ ಮೇಲೆ ಕೂಗಾಡುತ್ತೀರಿ. ಬೆಳಗಿನ ಪ್ರಾರ್ಥನೆ ಎಲ್ಲಿ ಹೋಯಿತು ಎಂದು ಆಗ ಹುಡುಕುವುದಕ್ಕಿಂತ 11 ಗಂಟೆಯ ಆ ಕೆಲವು ಕ್ಷಣಗಳನ್ನು ಹುಡುಕುವುದು ಒಳ್ಳೆಯದು.

ಆ ಕ್ಷಣಗಳಲ್ಲಿ ಮಾಡಬೇಕಾದದ್ದು ಇಷ್ಟು. ಬಂದದ್ದಕ್ಕೆ ಒಂದೇ ಪದದಲ್ಲಿ ಹೆಸರಿಡಿ: ಇದು ಕೋಪ, ಇದು ಹೊಟ್ಟೆಕಿಚ್ಚು, ಇದು ಭಯ. ಹೆಸರು ಹೇಳಿದ ಕೂಡಲೇ ಆಲೋಚನೆಗೂ ನಿಮಗೂ ನಡುವೆ ಒಂದು ಅಡಿ ಜಾಗ ಸಿಗುತ್ತದೆ. ಅದರ ಜೊತೆ ವಾದಕ್ಕೆ ನಿಲ್ಲಬೇಡಿ. ಏದೆನಿನಲ್ಲಿ ಹವ್ವಳು ಸರ್ಪದ ಪ್ರಶ್ನೆಗೆ ವಿವರಣೆ ಕೊಡಲು ಹೋದದ್ದರಿಂದಲೇ ಮಾತು ಬೆಳೆಯಿತು. ಅಡವಿಯಲ್ಲಿ ಯೇಸು ಸೈತಾನನೊಂದಿಗೆ ಚರ್ಚೆಗಿಳಿಯದೆ ಮೂರು ಸಲವೂ ಬರೆದಿರುವ ವಾಕ್ಯವನ್ನೇ ಮುಂದಿಟ್ಟನು. ಆ ಮೂರೂ ಉತ್ತರಗಳು ಧರ್ಮೋಪದೇಶಕಾಂಡದ 6 ಮತ್ತು 8ನೆಯ ಅಧ್ಯಾಯಗಳವು. ಹೃದಯದಲ್ಲಿ ಕೈಗೆಟಕುವ ಹಾಗಿದ್ದ ವಾಕ್ಯ ಹೊತ್ತಿಗೆ ಒದಗಿತು. ನೀವೂ ಅಂದಿನ ಬೆಳಿಗ್ಗೆ ಎತ್ತಿಕೊಂಡ ಮಾತನ್ನು ಪ್ರಾರ್ಥನೆಯಾಗಿ ಹೇಳಿ, ಕೂಡಲೇ ಕೈಗೆ ಒಂದು ಸಣ್ಣ ಕೆಲಸ ಕೊಡಿ. ಐದು ನಿಮಿಷದಲ್ಲಿ ಅದೇ ಆಲೋಚನೆ ಮತ್ತೆ ಬಂದರೆ ಮತ್ತೆ ಅಷ್ಟನ್ನೇ ಮಾಡಿ. ದಿನಕ್ಕೆ 20 ಸಲ ಬಂದರೂ ಅದು ಸೋಲಲ್ಲ. ತಟ್ಟಿದ್ದು ಆಲೋಚನೆ, ತೆರೆಯದೆ ಇದ್ದದ್ದು ನೀವು.

ದೇಹ ಇದನ್ನು ಮನಸ್ಸಿಗಿಂತ ಬೇಗ ಹೇಳುತ್ತದೆ. ದವಡೆ ಬಿಗಿಯುವುದು, ಉಸಿರು ಗಿಡ್ಡವಾಗುವುದು, ಕಾರಣವಿಲ್ಲದೆ ಕೈ ಫೋನಿನ ಕಡೆ ಹೋಗುವುದು, ಇಂಥವು ಗಂಟೆಯ ಸದ್ದಿದ್ದಂತೆ. ನಿಮ್ಮ ದೇಹದ ಗಂಟೆ ಯಾವುದೆಂದು ಒಂದು ವಾರ ಗಮನಿಸಿ ತಿಳಿದುಕೊಳ್ಳಿ.

ಬೆಳಗಿನ ಪ್ರಾರ್ಥನೆ ಹಿಂದಿನ ರಾತ್ರಿಯೇ ಶುರು

ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಪ್ರತಿ ದಿನವನ್ನೂ ಸಾಯಂಕಾಲದಿಂದ ಎಣಿಸಿದೆ. ಬೆಳಗಿನ ಪ್ರಾರ್ಥನೆಯ ಸಂಕಲ್ಪಗಳು ಹೆಚ್ಚಾಗಿ ಮುರಿಯುವುದೂ ರಾತ್ರಿ 11 ಗಂಟೆಗೇ. ಎಷ್ಟು ಗಂಟೆಗೆ ಏಳಬೇಕೆಂದು ತೀರ್ಮಾನಿಸುವ ಮೊದಲು ಎಷ್ಟಕ್ಕೆ ಮಲಗುತ್ತೇನೆಂದು ತೀರ್ಮಾನಿಸಿ. ನಡುವೆ 7 ಗಂಟೆಯಾದರೂ ಇರಲಿ. ಈಗ 7ಕ್ಕೆ ಏಳುವವರು ನಾಳೆಯೇ 5ಕ್ಕೆ ಏಳಲು ಹೋದರೆ ನಾಲ್ಕನೆಯ ದಿನ ಕುಸಿಯುತ್ತಾರೆ. ಮಲಗುವ ಹೊತ್ತನ್ನೂ ಏಳುವ ಹೊತ್ತನ್ನೂ ಒಟ್ಟಿಗೆ 15 ನಿಮಿಷ ಹಿಂದಕ್ಕೆ ತನ್ನಿ, ನಾಲ್ಕು ದಿನ ಅಲ್ಲೇ ನಿಲ್ಲಿ, ಮತ್ತೆ 15 ನಿಮಿಷ ತನ್ನಿ.

ಮಲಗುವ ಮೊದಲು ಮೂರು ಕೆಲಸ ಮುಗಿದಿರಲಿ. ಸತ್ಯವೇದದಲ್ಲಿ ನಾಳೆಯ ಕೀರ್ತನೆಗೆ ಗುರುತಿಟ್ಟು ಕೂರುವ ಜಾಗದಲ್ಲೇ ಇಡಿ, ಜೊತೆಗೆ ಒಂದು ಪೆನ್ನು, ಒಂದು ಸಣ್ಣ ಚೀಟಿ. ಫೋನನ್ನು ಕೈಗೆಟಕದಷ್ಟು ದೂರ ಇಡಿ. ಏಳಿಸಲು ಬೇರೆ ಅಲಾರಂ ಗಡಿಯಾರ ಇದ್ದರೆ ಇನ್ನೂ ಒಳ್ಳೆಯದು. ಫೋನಿನ ಅಲಾರಂ ಆರಿಸಲು ಹೋದ ಬೆರಳು ಅಲ್ಲಿ ಕಾದಿರುವ ಸಂದೇಶಗಳನ್ನು ನೋಡದೆ ಹಿಂದಿರುಗುವುದು ಅಪರೂಪ, ಒಮ್ಮೆ ನೋಡಿದರೆ ದಿನದ ಮೊದಲ ಮಾತು ದೇವರದ್ದಾಗಿರುವುದಿಲ್ಲ. ಮೂರನೆಯದು, ದೀಪ ಆರಿಸಿದ ಮೇಲೆ ನಾಳೆಯ ಕೀರ್ತನೆಯ ಒಂದು ಸಾಲನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ ನಿದ್ದೆಗೆ ಜಾರುವುದು. ಎಚ್ಚರವಾದಾಗ ಅದೇ ಸಾಲು ನಾಲಿಗೆಯ ತುದಿಯಲ್ಲಿರುವ ದಿನಗಳು ಬರುತ್ತವೆ.

ಬೂದಿ ತೆಗೆದು, ಸೌದೆ ಇಟ್ಟು

ಯಾಜಕಕಾಂಡ 6:8-13 ಬೆಳಗಿನ ಪ್ರಾರ್ಥನೆಗೆ ಒಳ್ಳೆಯ ಮಾದರಿ. ಸರ್ವಾಂಗಹೋಮವು, ಅಂದರೆ ಪೂರ್ತಿಯಾಗಿ ಸುಡುವ ಬಲಿಯು, ರಾತ್ರಿಯೆಲ್ಲಾ ವೇದಿಯ ಮೇಲೆ ಉರಿಯುತ್ತದೆ. ಬೆಳಿಗ್ಗೆ ಯಾಜಕನು ಮೊದಲು ಬೂದಿ ತೆಗೆಯುತ್ತಾನೆ, ಬಟ್ಟೆ ಬದಲಿಸಿ ಅದನ್ನು ಪಾಳೆಯದ ಹೊರಗೆ ಒಯ್ಯುತ್ತಾನೆ. ದಿನದಿನವೂ ಬೆಳಿಗ್ಗೆ ಬೆಂಕಿಗೆ ಸೌದೆ ಇಡುತ್ತಾನೆ, ಅದರ ಮೇಲೆ ಹೋಮದ್ರವ್ಯವನ್ನು ಕ್ರಮವಾಗಿ ಜೋಡಿಸುತ್ತಾನೆ. ಬೆಂಕಿ ಆರಿಹೋಗಬಾರದು. ಬೂದಿ ತೆಗೆಯದೆ ಸೌದೆ ಹೇರಿದರೆ ಬರೀ ಹೊಗೆ ಎಂಬುದು ಒಲೆ ಹಚ್ಚಿದ ಯಾರಿಗಾದರೂ ಗೊತ್ತು. ನಮ್ಮ 15 ನಿಮಿಷವೂ ಇದೇ ಕ್ರಮದಲ್ಲಿ ಸಾಗಲಿ.

ಮುಖ ತೊಳೆದು, ಒಂದು ಲೋಟ ನೀರು ಕುಡಿದು ಬನ್ನಿ. ಹಾಸಿಗೆಯ ಮೇಲೆ ಬೇಡ. ಮೊದಲ ಒಂದು ನಿಮಿಷ ನಿಂತುಕೊಂಡೇ ಇರಿ, ತುಟಿಗಳನ್ನು ತೆರೆಯುವಂತೆ ಕರ್ತನನ್ನು ಕೇಳುವ ಕೀರ್ತನೆ 51:15ನ್ನು ಸಣ್ಣ ಧ್ವನಿಯಲ್ಲಿ ಮೂರು ಸಲ ಹೇಳಿ. 6ನೆಯ ಶತಮಾನದಲ್ಲಿ ಬೆನೆಡಿಕ್ಟನು ತನ್ನ ಮಠದವರಿಗೆ ರಾತ್ರಿಯ ಆರಾಧನೆ ಶುರುಮಾಡಲು ವಿಧಿಸಿದ್ದು ಇದೇ ವಚನವನ್ನು, ಮೂರೇ ಸಲ. ಇಡೀ ದಿನ ಮಾತಾಡಲಿರುವ ತುಟಿಗಳನ್ನು ಮೊದಲು ತೆರೆಯುವವನು ಯಾರೆಂದು ಅಲ್ಲಿ ಇತ್ಯರ್ಥವಾಗುತ್ತದೆ.

ಮುಂದಿನ 2 ನಿಮಿಷ ಬೂದಿಗೆ. ನಿನ್ನೆಯದರಲ್ಲಿ ಉಳಿದದ್ದನ್ನು ಹೆಸರಿಟ್ಟು ಹೇಳಿ. "ನನ್ನ ಪಾಪಗಳನ್ನೆಲ್ಲ ಕ್ಷಮಿಸು" ಎಂದರೆ ಬೂದಿ ಅಲುಗುವುದಿಲ್ಲ; "ನಿನ್ನೆ ಊಟದ ಹೊತ್ತಿಗೆ ಅವಳನ್ನು ಚುಚ್ಚಿ ಮಾತಾಡಿದೆ, ಬೇಕೆಂದೇ ಮಾತಾಡಿದೆ" ಎಂದರೆ ಅಲುಗುತ್ತದೆ. ಕ್ಷಮೆ ಕೇಳಬೇಕಾದವರು ನೆನಪಾದರೆ ಚೀಟಿಯಲ್ಲಿ ಹೆಸರು ಬರೆದುಕೊಳ್ಳಿ. ಸಹೋದರನೊಂದಿಗೆ ಸಮಾಧಾನವಾಗಿ ಬಾ ಎಂಬ ಮತ್ತಾಯ 5:24ರ ಮಾತಿಗೆ ಅಂದೇ ಕಾಲು ಕೊಡಬೇಕು. 1 ಯೋಹಾನ 1:9ರ ವಾಗ್ದಾನವನ್ನು ನಂಬಿ ಅಲ್ಲಿಗೆ ಮುಗಿಸಿ. ಯಾಜಕನು ಬೂದಿಯನ್ನು ಹೊರಗೆ ಒಯ್ದು ಹಾಕಿದ, ಕೂತು ಕೆದಕಲಿಲ್ಲ.

5 ನಿಮಿಷ ಸೌದೆಗೆ, ಅಂದರೆ ದೇವರ ವಾಕ್ಯಕ್ಕೆ. ಇದಕ್ಕೆ ಕೀರ್ತನೆಗಳಷ್ಟು ಒದಗುವ ಪುಸ್ತಕ ಇನ್ನೊಂದಿಲ್ಲ, ಏಕೆಂದರೆ ಓದಿದ್ದೇ ಪ್ರಾರ್ಥನೆಯೂ ಆಗುತ್ತದೆ. ದಿನಕ್ಕೊಂದು ಸಾಕು. 119ನೆಯದರಲ್ಲಿ ಮಾತ್ರ 176 ವಚನಗಳಿವೆ. ಅದು 8 ವಚನಗಳ 22 ಭಾಗಗಳಾಗಿಯೇ ರಚನೆಯಾಗಿರುವುದರಿಂದ ದಿನಕ್ಕೊಂದು ಭಾಗ ತೆಗೆದುಕೊಳ್ಳಿ. ಹೀಗೆ ಇಡೀ ಪುಸ್ತಕ 171 ದಿನಗಳಲ್ಲಿ ಮುಗಿಯುತ್ತದೆ. ಆಂಗ್ಲಿಕನ್ ಪರಂಪರೆಯಲ್ಲಿ 150 ಕೀರ್ತನೆಗಳನ್ನು ಬೆಳಿಗ್ಗೆ ಸಂಜೆಗೆ ಹಂಚಿ 30 ದಿನಗಳಲ್ಲಿ ಓದುವ ಪದ್ಧತಿ ಇದೆ. ಅದು ಸೊಗಸಾದದ್ದೇ, ಆದರೆ ರೂಢಿ ಗಟ್ಟಿಯಾಗುವ ಮೊದಲು ಹೊರೆಯಾಗುತ್ತದೆ. ಓದುವಾಗ ತುಟಿ ಅಲುಗಲಿ. ಕೀರ್ತನೆ 1:2ರಲ್ಲಿ ಧ್ಯಾನಿಸು ಎನ್ನಲು ಬಳಸಿದ ಹೀಬ್ರೂ ಪದಕ್ಕೆ ಸಣ್ಣ ದನಿಯಲ್ಲಿ ಗುನುಗುವುದು ಎಂಬ ಅರ್ಥವೂ ಇದೆ. ತೂಕಡಿಕೆಗೂ ಮನಸ್ಸು ಅಲೆಯುವುದಕ್ಕೂ ಇದಕ್ಕಿಂತ ಸುಲಭದ ಮದ್ದಿಲ್ಲ.

ಆಮೇಲೆ 4 ನಿಮಿಷ ಜೋಡಿಸುವುದು. ಇದರ ಬಗ್ಗೆ ಮುಂದೆ ಬಿಡಿಸಿ ಹೇಳಬೇಕು. 2 ನಿಮಿಷ ಸುಮ್ಮನಿರುವುದು. ಕೊನೆಯ ಒಂದು ನಿಮಿಷ ಕರ್ತನು ಕಲಿಸಿದ ಪ್ರಾರ್ಥನೆ, ಒಂದೊಂದು ಬೇಡಿಕೆಗೂ ಒಂದು ಉಸಿರು ಕೊಟ್ಟು.

ಜೋಡಿಸಿ ಎದುರುನೋಡುವುದು

ಕೀರ್ತನೆ 5:3ರಲ್ಲಿ ದಾವೀದನು ಬೆಳಿಗ್ಗೆ ತನ್ನ ಪ್ರಾರ್ಥನೆಯನ್ನು ದೇವರ ಮುಂದೆ ಸಿದ್ಧಮಾಡಿ ಎದುರುನೋಡುತ್ತೇನೆ ಎನ್ನುತ್ತಾನೆ. ಸಿದ್ಧಮಾಡು ಎಂಬಲ್ಲಿ ಮೂಲದಲ್ಲಿರುವ ಪದ ಅರಖ್. ಯಾಜಕನು ಬೆಂಕಿಯ ಮೇಲೆ ಹೋಮವನ್ನು ಜೋಡಿಸುವುದಕ್ಕೂ ಅದೇ ಪದ. ಎದುರುನೋಡು ಎಂಬಲ್ಲಿ ಇರುವುದು ತ್ಸಾಫಾ. ಪ್ರವಾದಿ ಹಬಕ್ಕೂಕನು ತನ್ನ ಕಾವಲಿನ ಸ್ಥಳದಲ್ಲಿ ನಿಂತು ದೇವರು ಏನು ಹೇಳುವನೋ ಎಂದು ನೋಡುತ್ತೇನೆ ಎನ್ನುವಾಗಲೂ ಅದೇ. ಅರ್ಧ ವಚನದಲ್ಲಿ ಯಾಜಕನೂ ಇದ್ದಾನೆ, ಕಾವಲುಗಾರನೂ ಇದ್ದಾನೆ. ನಾವು ಬಹುಮಟ್ಟಿಗೆ ಮೊದಲರ್ಧ ಮಾಡಿ ಎದ್ದುಹೋಗುತ್ತೇವೆ.

ಜೋಡಿಸುವುದೆಂದರೆ ಬೇಡಿಕೆಗಳನ್ನು ಸುರಿಯುವುದಲ್ಲ. ಮೊದಲ ಒಂದೂವರೆ ನಿಮಿಷ ಬೇರೆಯವರಿಗಾಗಿ: ವಾರದ ಏಳು ದಿನಕ್ಕೆ ಏಳು ಪಟ್ಟಿ, ಒಂದು ಪಟ್ಟಿಯಲ್ಲಿ ಐದೇ ಹೆಸರು. ವಾರಕ್ಕೆ 35 ಜನ ಆಗುತ್ತಾರೆ, ಅದು ಕಡಿಮೆಯೇನಲ್ಲ. ಪ್ರತಿದಿನ 35 ಹೆಸರನ್ನೂ ಹೇಳಲು ಹೋದವರಿಗೆ ಹಾಜರಿ ಕೂಗಿದ ಅನುಭವ ಮಾತ್ರ ಸಿಗುತ್ತದೆ. ಉಳಿದ ಹೊತ್ತಿನಲ್ಲಿ ಇವತ್ತಿನ ದಿನವನ್ನು ಏಳುವಲ್ಲಿಂದ ಮಲಗುವವರೆಗೆ ನಾಲ್ಕೈದು ತುಂಡು ಮಾಡಿ ಒಂದೊಂದನ್ನೂ ವೇದಿಯ ಮೇಲಿಡಿ: ಮನೆಯಿಂದ ಹೊರಡುವ ಗಡಿಬಿಡಿ, ಕೆಲಸದ ಮೊದಲ ಗಂಟೆಗಳು, ಒಬ್ಬರೊಂದಿಗಿನ ಭೇಟಿ, ಸಂಜೆಯ ಆಯಾಸ, ರಾತ್ರಿ ಒಬ್ಬರೇ ಇರುವ ಹೊತ್ತು. ಪ್ರತಿಯೊಂದರಲ್ಲೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಯಾವುದು ಬಂದು ಬಾಗಿಲು ತಟ್ಟಬಹುದು? ಹೆಚ್ಚಿನ ದಿನಗಳಲ್ಲಿ ಉತ್ತರ ಥಟ್ಟನೆ ಸಿಗುತ್ತದೆ, ಏಕೆಂದರೆ ನಮ್ಮ ಶೋಧನೆಗಳಿಗೆ ನಮ್ಮಷ್ಟೇ ಗಟ್ಟಿ ದಿನಚರಿ ಇರುತ್ತದೆ.

ಆ ಉತ್ತರಗಳಲ್ಲಿ ಒಂದನ್ನು ಮಾತ್ರ ಆರಿಸಿ ಚೀಟಿಯಲ್ಲಿ ಬರೆಯಿರಿ. ಎರಡು ಬೇಡ. ಐದು ಬಾಗಿಲುಗಳಿಗೆ ಒಬ್ಬನೇ ಕಾವಲುಗಾರನನ್ನು ಹಾಕಿದರೆ ಅವನು ಓಡಾಡಿ ಸುಸ್ತಾಗುತ್ತಾನೆ, ಐದೂ ಬಾಗಿಲು ತೆರೆದೇ ಇರುತ್ತವೆ. ಬರೆಯುವಾಗ ಹೊತ್ತು, ಜಾಗ, ಹೆಸರು ಇರಲಿ. "ತಾಳ್ಮೆಯಿಂದಿರಬೇಕು" ಎಂಬುದು ಕಾವಲಿಗೆ ಬಾರದ ಮಾತು. "10 ಗಂಟೆಯ ಸಭೆಯಲ್ಲಿ ನನ್ನ ಸಲಹೆಯನ್ನು ತಳ್ಳಿಹಾಕಿದಾಗ ಕೋಪ" ಎಂಬುದು ಬರುತ್ತದೆ. ಕರ್ತನ ಪ್ರಾರ್ಥನೆಯಲ್ಲಿ ಶೋಧನೆಯೊಳಗೆ ಸೇರಿಸದೆ ಕೇಡಿನಿಂದ ತಪ್ಪಿಸು ಎಂಬ ಮಾತು ಬಂದಾಗ ನಿಲ್ಲಿ, ಚೀಟಿಯಲ್ಲಿ ಬರೆದದ್ದನ್ನು ಅಲ್ಲಿಟ್ಟು ಮುಂದೆ ಹೋಗಿ.

ಯಾವ ಬಾಗಿಲೆಂದು ಹೊಳೆಯದವರಿಗೆ ಹಳೆಯ ಪಟ್ಟಿಯೊಂದು ನೆರವಾಗುತ್ತದೆ. 399ರಲ್ಲಿ ತೀರಿಕೊಂಡ ಎವಾಗ್ರಿಯಸ್ ಎಂಬ ಮರುಭೂಮಿಯ ಸನ್ಯಾಸಿ ಮನುಷ್ಯನನ್ನು ಕಾಡುವ ಆಲೋಚನೆಗಳನ್ನು ಎಂಟು ಬಗೆಯಾಗಿ ವಿಂಗಡಿಸಿದ್ದಾನೆ: ಹೊಟ್ಟೆಬಾಕತನ, ಕಾಮ, ಹಣದಾಸೆ, ದುಃಖ, ಕೋಪ, ಜಡತೆ, ಹೊಗಳಿಕೆಯ ಹಂಬಲ, ಗರ್ವ. ಎಂಟರಲ್ಲಿ ಒಂದೋ ಎರಡೋ ನಿಮ್ಮ ಮನೆಯ ಹಳೆಯ ನೆಂಟರಾಗಿರುತ್ತವೆ.

ಇನ್ನು ಆ 2 ನಿಮಿಷದ ಮೌನ. ಹೊಸಬರಿಗೆ ಇದೇ ಅತಿ ಕಷ್ಟ. ಏನೋ ಅನುಭವವಾಗಬೇಕು ಎಂದು ಕಾಯಬೇಡಿ. ಓದಿದ ಕೀರ್ತನೆಯಲ್ಲಿ ಕಣ್ಣು ನಿಂತ ಸಾಲಿಗೆ ಹಿಂತಿರುಗಿ, ಅದರಿಂದ ನಾಲ್ಕೈದು ಪದಗಳನ್ನು ಕತ್ತರಿಸಿಕೊಳ್ಳಿ. ಒಂದು ಉಸಿರಿನಲ್ಲಿ ಹೇಳಿ ಮುಗಿಯುವಷ್ಟು ಚಿಕ್ಕದಾಗಿರಲಿ. ಅದೇ ಅಂದಿನ ಬಾಗಿಲ ಮಾತು. ಒಂದೂ ನಿಲ್ಲದ ದಿನ ಹಳೆಯವು ಎರಡಿವೆ: ಬೇಗ ಬಂದು ಸಹಾಯಮಾಡು ಎಂಬ ಕೀರ್ತನೆ 70:1, ಮರುಭೂಮಿಯ ಪಿತೃಗಳಿಂದ ಕಲಿತು ಕಾಸ್ಸಿಯನನೆಂಬ ಸನ್ಯಾಸಿ ಎಲ್ಲ ಹೊತ್ತಿಗೂ ಸಲ್ಲುವ ಪ್ರಾರ್ಥನೆಯೆಂದು ಒಪ್ಪಿಸಿದ್ದು, ಮತ್ತು ದೇವರ ಮಗನಾದ ಕರ್ತ ಯೇಸು ಕ್ರಿಸ್ತನೇ, ಪಾಪಿಯಾದ ನನ್ನನ್ನು ಕರುಣಿಸು ಎಂಬುದು, ಪೂರ್ವದ ಸಭೆಗಳಲ್ಲಿ ಉಸಿರಿನಂತೆ ಬೆರೆತಿರುವುದು.

ಮೌನದಲ್ಲಿ ಮನಸ್ಸು ಅಲೆದರೆ ಬೈದುಕೊಳ್ಳಬೇಡಿ. ಮಾಡಬೇಕಾದ ಕೆಲಸ ನೆನಪಾಯಿತೇ? ಚೀಟಿಯ ಹಿಂಬದಿಯಲ್ಲಿ ಒಂದು ಪದ ಬರೆದು ಬಿಡಿ. ಒಬ್ಬ ವ್ಯಕ್ತಿ ನೆನಪಾದರೇ? ಆ ಹೆಸರನ್ನು ದೇವರಿಗೆ ಹೇಳಿ, ಮತ್ತೆ ಸಾಲಿಗೆ ಬನ್ನಿ. ಅಲೆದಾಟವೆಲ್ಲ ವೈರಿಯದ್ದೆಂದು ತಿಳಿಯಬೇಕಾಗಿಲ್ಲ. ಎಷ್ಟೋ ಸಲ ಪಟ್ಟಿಯಲ್ಲಿಲ್ಲದ ಆರನೆಯ ಹೆಸರು ಬರುವುದು ಹೀಗೆಯೇ.

ಮಧ್ಯಾಹ್ನ 1 ನಿಮಿಷ, ರಾತ್ರಿ 5 ನಿಮಿಷ

ಸಭೆಯ ಆರಂಭಕಾಲದಲ್ಲೇ ಕರ್ತನ ಪ್ರಾರ್ಥನೆಯನ್ನು ದಿನಕ್ಕೆ 3 ಸಲ ಹೇಳುವ ಬೋಧನೆ ಇತ್ತು. ದಾನಿಯೇಲನೂ ದಿನಕ್ಕೆ ಮೂರು ಸಲ ಮೊಣಕಾಲೂರುತ್ತಿದ್ದ. ಬೆಳಿಗ್ಗೆ ನಿಂತ ಕಾವಲುಗಾರನನ್ನು ಯಾರೂ ಬಂದು ನೋಡದಿದ್ದರೆ ಅವನು ಕುಳಿತುಕೊಳ್ಳುತ್ತಾನೆ, ಆಮೇಲೆ ಮಲಗುತ್ತಾನೆ. ಮಧ್ಯಾಹ್ನದ ಊಟಕ್ಕೆ ಮೊದಲು ಚೀಟಿ ತೆಗೆದು ನೋಡಿ: ತಟ್ಟಿತೇ? ತೆರೆದೆನೇ? ಬಾಗಿಲ ಮಾತನ್ನು ಒಮ್ಮೆ ಹೇಳಿ, ಚೀಟಿ ಒಳಗಿಡಿ. ಎವಾಗ್ರಿಯಸ್ ಹೇಳುವ ಜಡತೆ ಬರುವುದೂ ಈ ಹೊತ್ತಿಗೇ: ಸೂರ್ಯ ನಿಂತೇಬಿಟ್ಟಂತೆ, ದಿನ ಮುಗಿಯದಂತೆ ಅನಿಸುತ್ತದೆ, ಕಣ್ಣು ಕಿಟಕಿಯ ಕಡೆ ಹೋಗುತ್ತದೆ, ಇಲ್ಲಿಂದ ಎದ್ದು ಬೇರೆಲ್ಲಾದರೂ ಹೋದರೆ ಸಾಕು ಅನಿಸುತ್ತದೆ. ಈಗ ಆ ಕಿಟಕಿ ಅಂಗೈಯಲ್ಲೇ ಇದೆ. ಅದಕ್ಕೆ ಮದ್ದು ದೊಡ್ಡ ಪ್ರಾರ್ಥನೆಯಲ್ಲ. ಕೈಯಲ್ಲಿರುವ ಕೆಲಸದ ಮುಂದಿನ ಸಣ್ಣ ಭಾಗವನ್ನು ಮಾಡಿ ಮುಗಿಸುವುದು.

ರಾತ್ರಿ 5 ನಿಮಿಷ. ದಿನದ ತುಂಡುಗಳನ್ನು ಬೆಳಿಗ್ಗೆ ಇಟ್ಟ ಕ್ರಮದಲ್ಲೇ ಹಿಂತಿರುಗಿ ನೋಡಿ. ಮೊದಲು ಕೃತಜ್ಞತೆ, ಮೂರು ಸಂಗತಿಗಳಿಗಾದರೂ. ಕೊಲೊಸ್ಸೆ 4:2 ಎಚ್ಚರದ ಜೊತೆ ಸ್ತೋತ್ರವನ್ನೂ ಸೇರಿಸಿಯೇ ಹೇಳಿದೆ. ನಂತರ ಆರಿಸಿಕೊಂಡ ಬಾಗಿಲಿನ ಲೆಕ್ಕ. ಇದಕ್ಕೆ 16ನೆಯ ಶತಮಾನದಲ್ಲಿ ಜೆಸ್ವಿಟ್ ಸಂಘವನ್ನು ಸ್ಥಾಪಿಸಿದ ಇಗ್ನೇಷಿಯಸ್ ಲೊಯೋಲಾ ಕೊಟ್ಟ ಉಪಾಯ ಇವತ್ತಿಗೂ ನಡೆಯುತ್ತದೆ: ಒಂದೇ ದೋಷವನ್ನು ಹಿಡಿದು, ಎದ್ದ ಕೂಡಲೇ ಸಂಕಲ್ಪ ಮಾಡಿ, ಮಧ್ಯಾಹ್ನದವರೆಗೆ ಎಷ್ಟು ಸಲ ಬಿದ್ದೆನೋ ಅಷ್ಟು ಚುಕ್ಕೆಗಳನ್ನು ಒಂದು ಗೆರೆಯ ಮೇಲೆ, ರಾತ್ರಿಯವರೆಗಿನದನ್ನು ಇನ್ನೊಂದು ಗೆರೆಯ ಮೇಲೆ ಇಡುವುದು; ದಿನವನ್ನು ದಿನದೊಂದಿಗೆ, ವಾರವನ್ನು ವಾರದೊಂದಿಗೆ ಹೋಲಿಸುವುದು. ಮೊದಲ ವಾರ ಚುಕ್ಕೆಗಳು ಹೆಚ್ಚಾದರೆ ಗಾಬರಿ ಬೇಡ. ಬೀಳುವುದು ಹೆಚ್ಚಾಗಿರಲಿಕ್ಕಿಲ್ಲ, ಕಾಣುವುದು ಹೆಚ್ಚಾಗಿದೆ. ಒಂದು ಬಾಗಿಲಿಗೆ ಮೂರು ನಾಲ್ಕು ವಾರ ಕೊಟ್ಟ ಮೇಲೆ ಮುಂದಿನದಕ್ಕೆ ಹೋಗಿ.

ಎಲ್ಲಿ ಕೆಡುತ್ತದೆ

ಮೊದಲ ತಿಂಗಳಲ್ಲೇ ಹುರುಪಿನಿಂದ 15 ನಿಮಿಷವನ್ನು ಒಂದು ಗಂಟೆ ಮಾಡುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ಮನಸ್ಸು ತುಂಬಿಬಂದ ದಿನ ಹೆಚ್ಚು ಹೊತ್ತು ಕೂರಿ, ಯಾರೂ ತಡೆಯುವುದಿಲ್ಲ. ನಿಯಮ ಮಾತ್ರ 15 ನಿಮಿಷವೇ ಇರಲಿ. ಒಣಗಿದ ದಿನವೂ ಪಾಲಿಸಲಾಗುವಷ್ಟು ಚಿಕ್ಕದಾಗಿರುವುದೇ ಒಳ್ಳೆಯ ನಿಯಮ. ಒಣಗಿದ ದಿನಗಳು ಬಂದೇ ಬರುತ್ತವೆ. ಆಗ ಸ್ವಂತ ಮಾತು ಹುಡುಕಬೇಡಿ, ಕೀರ್ತನೆಯನ್ನೇ ಎರಡು ಸಲ ಓದಿ. 88ನೆಯದು ಕತ್ತಲಲ್ಲೇ ಮುಗಿಯುತ್ತದೆ, ಆದರೂ ಅದರ 13ನೆಯ ವಚನ ಬೆಳಗಿನ ಪ್ರಾರ್ಥನೆಯ ಮಾತೇ.

ಇದಕ್ಕಿಂತ ಅಪಾಯದ್ದು, ಎಚ್ಚರವು ತನ್ನನ್ನೇ ದಿಟ್ಟಿಸುವುದಾಗಿ ತಿರುಗುವುದು. ಸೂಕ್ಷ್ಮ ಮನಸ್ಸಿನವರು ಬೇಗ ಇಲ್ಲಿ ಸಿಕ್ಕಿಬೀಳುತ್ತಾರೆ: ಪ್ರತಿ ಆಲೋಚನೆಯನ್ನೂ ಹಿಡಿದು ಪರೀಕ್ಷಿಸುತ್ತಾರೆ, ತಟ್ಟಿದ್ದನ್ನೇ ಪಾಪವೆಂದು ಎಣಿಸುತ್ತಾರೆ, ಅದೇ ಅರಿಕೆಯನ್ನು ದಿನಕ್ಕೆ ಹತ್ತು ಸಲ ಮಾಡುತ್ತಾರೆ. ಕೀರ್ತನೆ 25:15ರಲ್ಲಿ ಕಾಲು ಬಲೆಯಲ್ಲಿದೆ, ಕಣ್ಣು ಮಾತ್ರ ಯೆಹೋವನ ಮೇಲಿದೆ. ಬಲೆಯಿಂದ ಬಿಡಿಸುವವನು ಅವನು. ನಿಮಗೆ ಹೀಗಾಗುತ್ತಿದೆ ಅನಿಸಿದರೆ ಚುಕ್ಕೆ ಇಡುವುದನ್ನು ಪೂರ್ತಿ ನಿಲ್ಲಿಸಿ, ರಾತ್ರಿಯ 5 ನಿಮಿಷವನ್ನು ಬರೀ ಕೃತಜ್ಞತೆಗೆ ಕೊಡಿ, ನಂಬಿಕೆಯ ಸಭಾಪಾಲಕರ ಹತ್ತಿರ ಬಾಯಿಬಿಟ್ಟು ಮಾತಾಡಿ.

ಇನ್ನೊಂದು ತುದಿಯಲ್ಲಿ, ಬೇಗ ಏಳುವುದೇ ಹೆಮ್ಮೆಯಾಗುವುದುಂಟು. ತಡವಾಗಿ ಎದ್ದ ಮನೆಯವರನ್ನು ನೋಡಿ ಒಳಗೆ ಮೂಗುಮುರಿದರೆ ಲೂಕ 18ರ ಫರಿಸಾಯನ ಪಕ್ಕದಲ್ಲಿ ನಿಂತಂತಾಯಿತು. ನಿಮ್ಮ ಪ್ರಾರ್ಥನೆಯ ಹೊತ್ತನ್ನು ಯಾರಿಗೂ ಹೇಳಬೇಡಿ, ಅವರು ಏಳುವಷ್ಟರಲ್ಲಿ ಅವರ ಒಂದು ಕೆಲಸವನ್ನು ಮಾಡಿಟ್ಟಿರಿ.

ರಾತ್ರಿ ಪಾಳಿಯವರಿಗೆ ಬೆಳಗು ಎಂದರೆ ಅವರು ಎದ್ದ ಹೊತ್ತು, ಅದು ಸಂಜೆ 4 ಆದರೂ ಸರಿ. ಹಸುಗೂಸಿನ ತಾಯಿಗೆ 3 ನಿಮಿಷ ಸಾಕು: ಕೀರ್ತನೆ 51:15, ಒಂದು ಸಾಲು, ಕರ್ತನ ಪ್ರಾರ್ಥನೆ, ಮಗುವನ್ನು ಎತ್ತಿಕೊಂಡೇ. ವಾರಗಟ್ಟಲೆ ನಿದ್ದೆ ಬರದೆ, ಏಳಲು ಮನಸ್ಸೇ ಇಲ್ಲದೆ, ಎಲ್ಲವೂ ಬೂದುಬಣ್ಣವಾಗಿ ಕಾಣುತ್ತಿದ್ದರೆ ಅದನ್ನು ಆತ್ಮಿಕ ಸೋಮಾರಿತನವೆಂದು ಹೊಡೆದುಕೊಳ್ಳಬೇಡಿ, ವೈದ್ಯರನ್ನು ಕಾಣಿ. ಸಾಯಬೇಕೆಂದು ಬೇಡಿಕೊಂಡು ಮಲಗಿದ ಎಲೀಯನಿಗೆ ದೇವರು ಮೊದಲು ಕೊಟ್ಟದ್ದು ನಿದ್ದೆ, ರೊಟ್ಟಿ, ನೀರು; ಅದೂ ಎರಡು ಸಲ. ಮಾತು ಬಂದದ್ದು ಆಮೇಲೆ.

ದಿನಗಳು ತಪ್ಪಿಹೋದರೆ? ಅಡವಿಯಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರವಾದ ಮನ್ನವನ್ನು ಬೆಳಬೆಳಿಗ್ಗೆ ಅಂದಂದಿಗೆ ಕೂಡಿಸಿಕೊಳ್ಳಬೇಕಿತ್ತು, ಮರುದಿನಕ್ಕೆ ಉಳಿಸಿದ್ದು ಹುಳಬಿತ್ತು. ತಪ್ಪಿದ ನಾಲ್ಕು ದಿನಗಳ ಕೀರ್ತನೆಗಳನ್ನು ಐದನೆಯ ದಿನ ಸೇರಿಸಿ ಓದಲು ಹೋಗಬೇಡಿ, ನಿಮಿಷಗಳ ಸಾಲ ತೀರಿಸಲೂ ಬೇಡಿ. ಗುರುತು ಎಲ್ಲಿದೆಯೋ ಆ ಪುಟವನ್ನೇ ತೆರೆಯಿರಿ. ಆ ನಾಲ್ಕು ದಿನಗಳನ್ನೂ ಬೂದಿಯ 2 ನಿಮಿಷದಲ್ಲೇ ಹೇಳಿ ಹೊರಗೆ ಹಾಕಿ, ಸೌದೆಗೆ ಕೈ ಹಾಕಿ.